ಇಪ್ಪತ್ತೆರಡು ಜೋಡಿ ವರ್ಣತಂತುಗಳ ಚರಿತ್ರೆ

ಕೆಲವು ವರ್ಷಗಳ ಹಿಂದೆ ರಕ್ತದಾನಕ್ಕೆಂದು ಒಂದು ರಕ್ತನಿಧಿಗೆ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಆರು ವರ್ಷದ ಒಬ್ಬ ಹುಡುಗಿ, ಅವಳ ತಾಯಿ ಮತ್ತು ಅಜ್ಜಿ ಕುಳಿತಿದ್ದರು. ಮಗುವಿಗೆ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸದಿದ್ದರೆ ಮುಖ ಬಿಳಿಚಿಕೊಂಡು ಎದ್ದು ನಿಲ್ಲಲೂ ಆಗುವುದಿಲ್ಲ. ಮಾತಿಗೆ ಮಾತು ಬಂದಾಗ ಅಜ್ಜಿ ನನ್ನ ಕಡೆ ತಿರುಗಿ, “ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರಿಗೂ ಇಂಥ ಕಾಯಿಲೆ ಇರಲಿಲ್ಲ ಮಾಸ್ತರೇ, ಇದು ಇವಳ ತವರಿನಿಂದ ಬಂದದ್ದು” ಎಂದರು. ಸೊಸೆ ತಲೆ ತಗ್ಗಿಸಿದಳು. ಆಕೆಯ ಗಂಡ ಬೇರೆ ಯಾರೂ ಅಲ್ಲ, ಆಕೆಯ ಸೋದರತ್ತೆಯ ಮಗನೇ. ಅಂದರೆ ಸೊಸೆಯ ತವರು ಎಂದು ಆ ಅಜ್ಜಿ ಬೈದದ್ದು ತನ್ನ ಸ್ವಂತ ತವರನ್ನೇ!

ನಾನು ಸುಮಾರು ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು. ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಎಕ್ಸ್ ಎಕ್ಸ್, ಎಕ್ಸ್ ವೈ ಎಂದು ಬರೆದು, ಹುಟ್ಟುವ ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ, ಹೆಣ್ಣು ಹೆತ್ತಳೆಂದು ತಾಯಿಯನ್ನು ದೂರುವುದು ಅಜ್ಞಾನ ಎಂದು ಒತ್ತಿ ಹೇಳುತ್ತಿದ್ದೆ. ಆ ಪಾಠದಿಂದ ಒಂದಷ್ಟು ಮನೆಗಳಲ್ಲಾದರೂ ಉಪಕಾರವಾಗಿರಬಹುದು. ಆದರೆ ಉಳಿದ 22 ಜೋಡಿ ವರ್ಣತಂತುಗಳ ಬಗ್ಗೆ ನಾನು ಹೇಳುತ್ತಿದ್ದದ್ದು ಒಂದೇ ಸಾಲು: “ಇವು ಲಿಂಗ ನಿರ್ಧಾರಕವಲ್ಲದ ವರ್ಣತಂತುಗಳು, ಇವುಗಳನ್ನು ಆಟೋಸೋಮುಗಳು ಎನ್ನುತ್ತಾರೆ.” ಆ ದಿನ ರಕ್ತನಿಧಿಯ ಬೆಂಚಿನ ಮುಂದೆ ನಿಂತಾಗ, ಆ ಒಂದು ಸಾಲು ಎಷ್ಟು ಸಾಲದಾಗಿತ್ತು ಎಂದು ಅರಿವಾಯಿತು.

ನಮ್ಮ ದೇಹದ ಪ್ರತಿ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಅದರಲ್ಲಿ ಒಂದು ಜೋಡಿ ಮಾತ್ರ ಲಿಂಗ ವರ್ಣತಂತು. ಉಳಿದ 44, ಅಂದರೆ 22 ಜೋಡಿ, ಗಂಡು ಹೆಣ್ಣು ಇಬ್ಬರಲ್ಲೂ ಒಂದೇ ಬಗೆ. ಪ್ರತಿ ಜೋಡಿಯಲ್ಲಿ ಒಂದು ತಾಯಿಯ ಅಂಡದಿಂದ ಬಂದದ್ದು, ಇನ್ನೊಂದು ತಂದೆಯ ವೀರ್ಯಾಣುವಿನಿಂದ ಬಂದದ್ದು. ಪ್ರೋಟೀನು ತಯಾರಿಸುವ ಸೂಚನೆ ಹೊತ್ತ ನಮ್ಮ ಸುಮಾರು 20 ಸಾವಿರ ಜೀನುಗಳಲ್ಲಿ ಶೇಕಡಾ 95ರಷ್ಟು ಈ 22 ಜೋಡಿಗಳಲ್ಲೇ ಇವೆ. ರಕ್ತದ ಗುಂಪು, ಚರ್ಮದ ಬಣ್ಣ, ಎತ್ತರ, ಸಕ್ಕರೆ ಕಾಯಿಲೆಯ ಒಲವು, ಎಲ್ಲದರ ಬಹುಪಾಲು ಲೆಕ್ಕ ಇಲ್ಲಿಯೇ ಇದೆ. ಹಾಗಿದ್ದೂ ಇವುಗಳಿಗೆ ಸಿಕ್ಕ ಪರಿಚಯ “ಲಿಂಗ ವರ್ಣತಂತು ಅಲ್ಲದ್ದು” ಎಂಬ ನಕಾರದ ಪರಿಚಯ. ಮನೆಯನ್ನೆಲ್ಲ ನಡೆಸುವವರನ್ನು “ಯಜಮಾನರಲ್ಲದವರು” ಎಂದು ಕರೆದ ಹಾಗೆ!

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಲಿಂಗ ವರ್ಣತಂತುವಿನ ಮೂಲಕ ಸಾಗುವ ಕಾಯಿಲೆ ವಿಚಿತ್ರ ರೀತಿಯಲ್ಲಿ ಸಾಗುತ್ತದೆ. ಗಂಡುಮಕ್ಕಳನ್ನು ಹುಡುಕಿ ಹಿಡಿಯುತ್ತದೆ, ಹೆಣ್ಣುಮಕ್ಕಳು ಅದನ್ನು ಮೌನವಾಗಿ ಮುಂದಿನ ತಲೆಮಾರಿಗೆ ದಾಟಿಸುತ್ತಾರೆ. ಆದ್ದರಿಂದ ಅದು ಬಹಳ ಹಿಂದೆಯೇ ಜನರ ಕಣ್ಣಿಗೆ ಬಿತ್ತು. ಸುನ್ನತಿಯ ಗಾಯದಿಂದ ರಕ್ತ ನಿಲ್ಲದೆ ಮಕ್ಕಳು ತೀರಿಕೊಂಡ ಕುಟುಂಬದಲ್ಲಿ ಮುಂದಿನ ಮಗುವಿಗೆ ಸುನ್ನತಿ ಬೇಡವೆಂದು ಯಹೂದಿ ಧರ್ಮಪಂಡಿತರು ಕ್ರಿ.ಶ. ಎರಡನೆಯ ಶತಮಾನದಷ್ಟು ಹಿಂದೆಯೇ ವಿನಾಯಿತಿ ಕೊಟ್ಟಿದ್ದರು. ಸ್ಪೇನಿನ ಕೊರ್ಡೊಬಾದ ಪ್ರಖ್ಯಾತ ಶಸ್ತ್ರವೈದ್ಯ ಅಲ್ ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ, ಗಾಯವಾದರೆ ರಕ್ತ ನಿಲ್ಲದೆ ಸಾಯುವ ಒಂದು ಹಳ್ಳಿಯ ಗಂಡಸರ ವಿಷಯ ಬರೆದಿದ್ದಾರೆ. ಅವರು ತೀರಿಕೊಂಡದ್ದು 1013ರಲ್ಲಿ; ಅಂದರೆ ಸಾವಿರ ವರ್ಷಗಳ ಹಿಂದಿನ ಬರಹವದು. ನಾವು ಇಂದು ಹಿಮೋಫಿಲಿಯಾ ಅಥವಾ ಕುಸುಮ ರೋಗ ಎನ್ನುವುದು ಇದನ್ನೇ ಎಂದು ವೈದ್ಯಕೀಯ ಚರಿತ್ರೆಕಾರರು ಹೇಳುತ್ತಾರೆ.

ಆಟೋಸೋಮುಗಳ ಮೂಲಕ ಸಾಗುವುದು ಹೀಗೆ ಗುರುತು ಬಿಟ್ಟು ಸಾಗುವುದಿಲ್ಲ. ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಎಷ್ಟೋ ಬಾರಿ ಆರೋಗ್ಯವಂತ ತಂದೆ, ಆರೋಗ್ಯವಂತ ತಾಯಿಗೆ ಇದ್ದಕ್ಕಿದ್ದಂತೆ ರೋಗಿಷ್ಠ ಮಗು ಹುಟ್ಟುತ್ತದೆ. ಎರಡೂ ಮನೆತನದವರು ತಮ್ಮಲ್ಲಿ ಇರಲಿಲ್ಲ ಎಂದು ಆಣೆ ಹಾಕಿ ಹೇಳಬಲ್ಲರು, ಅದು ಸುಳ್ಳೂ ಅಲ್ಲ. ಆಗ ಗ್ರಹಣ, ದೃಷ್ಟಿ, ಬಸುರಿಯಲ್ಲಿ ತಿಂದ ತಿನಿಸು ಎಂದು ಕಾರಣ ಹುಡುಕುವುದು, ಕೊನೆಗೆ ಹೆತ್ತವಳ ತಲೆಗೆ ಕಟ್ಟುವುದು ಎಲ್ಲ ದೇಶಗಳಲ್ಲೂ ನಡೆದುಬಂದದ್ದೇ.

ಯುರೋಪಿನ ವಿದ್ವಾಂಸರೇನೂ ಇದಕ್ಕೆ ಹೊರತಾಗಿರಲಿಲ್ಲ. ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಅವರಲ್ಲಿ ಎರಡು ಪಂಗಡಗಳಿದ್ದವು. ಮಗು ಪೂರ್ತಿಯಾಗಿ ತಾಯಿಯ ಅಂಡದಲ್ಲೇ ಸಣ್ಣ ರೂಪದಲ್ಲಿ ಇರುತ್ತದೆ, ತಂದೆಯದು ಕೇವಲ ಒಂದು ಪ್ರಚೋದನೆ ಎಂದು ಒಂದು ಪಂಗಡ. ಅಲ್ಲ, ಮಗು ಪೂರ್ತಿಯಾಗಿ ತಂದೆಯ ವೀರ್ಯದಲ್ಲಿರುತ್ತದೆ, ತಾಯಿಯದು ಬರೀ ಹೊಲ ಎಂದು ಇನ್ನೊಂದು ಪಂಗಡ. ಬಿತ್ತಿದ ಬೀಜ, ಹೊತ್ತ ಹೊಲ ಎಂಬ ಮಾತು ನಮ್ಮಲ್ಲೂ ಉಂಟಲ್ಲವೇ?

ಈ ವಾದವನ್ನು ಲೆಕ್ಕ ಹಾಕಿ ಮುರಿದವರು ಬರ್ಲಿನ್ ಅಕಾಡೆಮಿಯ ಅಧ್ಯಕ್ಷರಾಗಿದ್ದ ಫ್ರೆಂಚ್ ವಿಜ್ಞಾನಿ ಮೊಪರ್ಟ್ವಿ. ಬರ್ಲಿನ್ನಿನಲ್ಲಿ ಯಾಕೋಬ್ ರೂಹೆ ಎಂಬ ಶಸ್ತ್ರವೈದ್ಯನಿದ್ದ. ಅವನಿಗೆ ಆರಾರು ಬೆರಳುಗಳು. ಮೊಪರ್ಟ್ವಿ ಅವನ ವಂಶಾವಳಿ ಕೇಳಿ ಬರೆದುಕೊಂಡರು. ಅವನಿಗೆ ಆರನೆಯ ಬೆರಳು ತಾಯಿಯಿಂದ ಬಂದಿತ್ತು, ಆಕೆಗೆ ಆಕೆಯ ತಾಯಿಯಿಂದ. ಆಕೆಯ ಎಂಟು ಮಕ್ಕಳಲ್ಲಿ ನಾಲ್ವರಿಗೆ ಅದು ಇಳಿದಿತ್ತು. ಯಾಕೋಬ್ 1733ರಲ್ಲಿ ಮದುವೆಯಾದ ಹೆಂಡತಿಗೆ ಐದೇ ಬೆರಳು. ಆದರೂ ಅವರ ಆರು ಮಕ್ಕಳಲ್ಲಿ ಇಬ್ಬರು ಗಂಡುಮಕ್ಕಳಿಗೆ ಆರು ಬೆರಳು. ಹೆಂಗಸಿನಿಂದ ಹೆಂಗಸಿಗೆ, ಹೆಂಗಸಿನಿಂದ ಗಂಡಸಿಗೆ, ಗಂಡಸಿನಿಂದ ಮಕ್ಕಳಿಗೆ ದಾಟುವ ಗುಣ ಅಂಡದಲ್ಲಿ ಮಾತ್ರವಾಗಲಿ ವೀರ್ಯದಲ್ಲಿ ಮಾತ್ರವಾಗಲಿ ಇರಲು ಹೇಗೆ ಸಾಧ್ಯ? ಇದು ಆಕಸ್ಮಿಕ ಎನ್ನುವವರಿಗೂ ಮೊಪರ್ಟ್ವಿ ಉತ್ತರ ಇಟ್ಟುಕೊಂಡಿದ್ದರು. 20 ಸಾವಿರ ಜನರಲ್ಲಿ ಒಬ್ಬರಿಗೆ ಆರು ಬೆರಳಿದೆ ಎಂದು ಇಟ್ಟುಕೊಂಡರೂ, ಸತತ ಮೂರು ತಲೆಮಾರಿನಲ್ಲಿ ಅದು ಬರೀ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಎಂಟು ಲಕ್ಷ ಕೋಟಿಯಲ್ಲಿ ಒಂದು! 1750ರ ಆಸುಪಾಸಿನಲ್ಲಿ, ವರ್ಣತಂತುವನ್ನು ಯಾರೂ ಕಣ್ಣಿನಿಂದ ನೋಡಿರದ ಕಾಲದಲ್ಲಿ, ಆಟೋಸೋಮಿನ ಪ್ರಬಲ ಗುಣವೊಂದರ ನಡಿಗೆಯನ್ನು ಅವರು ಹೀಗೆ ಹಿಡಿದಿಟ್ಟರು. ಅವರ ಮಾತು ಹೆಚ್ಚು ಮಂದಿಗೆ ಮುಟ್ಟಲಿಲ್ಲ ಎಂಬುದು ಬೇರೆ ವಿಷಯ.

ಪ್ರಬಲ ಗುಣವಾದರೆ ಹೀಗೆ ಒಂದೊಂದು ತಲೆಮಾರಿನಲ್ಲೂ ಮುಖ ತೋರಿಸುತ್ತದೆ. ಅಡಗಿ ಕೂರುವ ದುರ್ಬಲ ಗುಣದ ಗುಟ್ಟು ಬಿಚ್ಚಿದ್ದು ಗ್ರೆಗರ್ ಮೆಂಡಲ್. ಅವರ ಬಟಾಣಿ ಗಿಡಗಳ ಕಥೆ ಎಲ್ಲ ಪಠ್ಯಪುಸ್ತಕಗಳಲ್ಲಿದೆ, ಇಲ್ಲಿ ಮತ್ತೆ ಹೇಳುವುದಿಲ್ಲ. 1866ರಲ್ಲಿ ಅಚ್ಚಾದ ಆ ಲೇಖನ 1900ರವರೆಗೆ ಧೂಳು ತಿಂದಿತು. ಅದು ಬೆಳಕಿಗೆ ಬಂದ ಎರಡೇ ವರ್ಷದಲ್ಲಿ ಅದನ್ನು ಮನುಷ್ಯರ ಕಾಯಿಲೆಗೆ ಹೊಂದಿಸಿದ ಘಟನೆ ಮಾತ್ರ ಹೇಳಲೇಬೇಕಾದದ್ದು.

ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಬಳಿ ಒಂದು ಮಗು ಬಂದಿತ್ತು. ಅದರ ಮೂತ್ರ ಗಾಳಿಗೆ ತೆರೆದಿಟ್ಟರೆ ಕಪ್ಪಾಗುತ್ತಿತ್ತು, ಬಟ್ಟೆಗಳಲ್ಲಿ ಕಪ್ಪು ಕಲೆ. ಈ ಸ್ಥಿತಿಗೆ ಆಲ್ಕಾಪ್ಟೋನುರಿಯಾ ಎಂದು ಹೆಸರು. ಕರುಳಿನಲ್ಲಿ ಸೇರಿದ ಯಾವುದೋ ಕ್ರಿಮಿಯಿಂದ ಇದು ಬರುತ್ತದೆಂದು ಆಗಿನ ವೈದ್ಯರ ನಂಬಿಕೆ. ಅದೇ ತಾಯಿ ಮತ್ತೆ ಗರ್ಭಿಣಿಯಾದಾಗ ಗ್ಯಾರಡ್ ಮೊದಲೇ ದಾದಿಯರಿಗೆ ಹೇಳಿ, ಹುಟ್ಟಿದ ಗಳಿಗೆಯಿಂದಲೇ ಮಗುವಿನ ಬಟ್ಟೆಗಳನ್ನು ಪರೀಕ್ಷಿಸುವಂತೆ ಮಾಡಿದರು. ಹುಟ್ಟಿದ 52 ಗಂಟೆಗಳಲ್ಲಿ ಕಲೆ ಕಾಣಿಸಿತು. ಇದು ಹೊರಗಿನಿಂದ ಬಂದ ಸೋಂಕಲ್ಲ, ಹುಟ್ಟಿನೊಂದಿಗೆ ಬಂದದ್ದು ಎಂದು ಅವರಿಗೆ ಖಚಿತವಾಯಿತು. ಇನ್ನೊಂದು ಸಂಗತಿಯೂ ಅವರ ಗಮನಕ್ಕೆ ಬಂತು. ಆ ಮಗುವಿನ ತಂದೆ ತಾಯಿ ಒಡಹುಟ್ಟಿದವರ ಮಕ್ಕಳು. ಬೇರೆ ಕುಟುಂಬಗಳನ್ನು ವಿಚಾರಿಸಿದಾಗಲೂ ಇದೇ ಬಗೆಯ ಸಂಬಂಧ ಮತ್ತೆ ಮತ್ತೆ ಎದುರಾಯಿತು. ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ ಇದನ್ನು ಕೇಳಿದ ಕೂಡಲೇ, ಮೆಂಡಲ್ ಹೇಳಿದ ದುರ್ಬಲ ಗುಣ ಇದೇ ಎಂದರು. ತಂದೆಯಲ್ಲಿ ಒಂದು ಪ್ರತಿ, ತಾಯಿಯಲ್ಲಿ ಒಂದು ಪ್ರತಿ ಅಡಗಿರುತ್ತದೆ. ಇಬ್ಬರಿಗೂ ತೊಂದರೆಯಿಲ್ಲ. ಎರಡೂ ಒಂದೇ ಮಗುವಿನಲ್ಲಿ ಸೇರಿದಾಗ ಮಾತ್ರ ಕಾಯಿಲೆ. 1902ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಗ್ಯಾರಡ್ ಇದನ್ನು ಪ್ರಕಟಿಸಿದರು. ಆ ಜೀನು ಮೂರನೆಯ ವರ್ಣತಂತುವಿನಲ್ಲಿದೆ ಎಂಬುದು, ಜೀನು ಕೈಗೆ ಸಿಕ್ಕಿದ್ದು, 1990ರ ದಶಕದಲ್ಲಿ. ಅಷ್ಟರಲ್ಲಿ ಗ್ಯಾರಡ್ ತೀರಿಕೊಂಡು ಅರ್ಧ ಶತಮಾನವೇ ಕಳೆದಿತ್ತು.

ಅದೇ ವರ್ಷಗಳಲ್ಲಿ ಸೂಕ್ಷ್ಮದರ್ಶಕದ ಕಡೆಯಿಂದಲೂ ಕೆಲಸ ನಡೆದಿತ್ತು. ಜರ್ಮನಿಯ ಬೊವೆರಿ ಕಡಲ ಮುಳ್ಳುಜೀವಿಗಳ ಮೊಟ್ಟೆಯಲ್ಲಿ, ಅಮೆರಿಕದ ಯುವಕ ವಾಲ್ಟರ್ ಸಟನ್ ಮಿಡತೆಗಳಲ್ಲಿ ನೋಡಿ, ಮೆಂಡಲ್ ಹೇಳಿದ ಜೋಡಿ ಅಂಶಗಳು ವರ್ಣತಂತುಗಳಲ್ಲೇ ಇರಬೇಕು ಎಂಬ ತೀರ್ಮಾನಕ್ಕೆ ಬಂದರು. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕನ್ ಮಹಿಳೆ ಹಿಟ್ಟಿನ ಹುಳುವಿನ ಕೋಶಗಳನ್ನು ಎಣಿಸಿದರು. ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತು. ಗಂಡಿನಲ್ಲಿ 19 ದೊಡ್ಡದು, ಒಂದು ಸಣ್ಣದು. ಲಿಂಗ ನಿರ್ಧಾರದ ಗುಟ್ಟು ಹೊರಬಿತ್ತು. ಆ ಹೊತ್ತಿನಲ್ಲೇ ಥಾಮಸ್ ಮಾಂಟ್ಗೊಮರಿ ಎಂಬವರು ಉಳಿದ ಸಾಮಾನ್ಯ ವರ್ಣತಂತುಗಳಿಗೆ ‘ಆಟೋಸೋಮ್’ ಎಂಬ ಹೆಸರಿಟ್ಟರು. ಹೆಸರು ಉಳಿಯಿತು, ಗಮನ ಮಾತ್ರ ಎಲ್ಲವೂ ಎಕ್ಸ್, ವೈ ಕಡೆಗೆ ಹರಿಯಿತು. 1911ರ ಹೊತ್ತಿಗೆ ವರ್ಣಾಂಧತೆಯ ಜೀನು ಎಕ್ಸ್ ವರ್ಣತಂತುವಿನಲ್ಲಿದೆ ಎಂದು ವಿಲ್ಸನ್ ಹೇಳಿಯಾಗಿತ್ತು. ಗಂಡಸರಲ್ಲಿ ಹೆಚ್ಚು ಕಾಣಿಸಿದರೆ ಎಕ್ಸ್ ಎಂದು ಹೇಳುವುದು ಸುಲಭ. ಆದರೆ ಇನ್ನುಳಿದ ಸಾವಿರಾರು ಗುಣಗಳಲ್ಲಿ ಯಾವುದು ಯಾವ ಆಟೋಸೋಮಿನಲ್ಲಿದೆ ಎಂದು ಹೇಳುವುದು ಹೇಗೆ? ಮನುಷ್ಯನಿಗೆ ಎಷ್ಟು ವರ್ಣತಂತುಗಳಿವೆ ಎಂಬುದೇ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

ಟೆಕ್ಸಾಸ್‌ನ ಥಿಯೋಫಿಲಸ್ ಪೇಂಟರ್ ಎಂಬ ನುರಿತ ವಿಜ್ಞಾನಿ 46ಕ್ಕೂ 48ಕ್ಕೂ ನಡುವೆ ತೂಗಾಡಿ, 1923ರಲ್ಲಿ 48 ಎಂದುಬಿಟ್ಟರು. ಮುಂದಿನ ಮೂವತ್ತು ವರ್ಷ ಪುಸ್ತಕಗಳೆಲ್ಲ 48 ಎಂದೇ ಹೇಳಿದವು. ಎಣಿಸಿದವರಿಗೆ 46 ಸಿಕ್ಕರೂ ತಮ್ಮ ಕಣ್ಣೇ ತಪ್ಪಿರಬೇಕು ಎಂದುಕೊಂಡವರಿದ್ದರು. ದೊಡ್ಡವರು ಬರೆದದ್ದನ್ನು ಮರು ಎಣಿಸುವ ಧೈರ್ಯ ಬಂದದ್ದು ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟಿಯೊ ಎಂಬವರಿಗೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದು ಬಂದವರು ಅವರು. ಸ್ವೀಡನ್ನಿನ ಲುಂಡ್ ನಗರದಲ್ಲಿ ಆಲ್ಬರ್ಟ್ ಲೆವಾನ್ ಅವರ ಪ್ರಯೋಗಾಲಯದಲ್ಲಿ 1955ರ ಡಿಸೆಂಬರ್ 22ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಅವರ ಗಾಜಿನ ಪಟ್ಟಿಯ ಮೇಲೆ ವರ್ಣತಂತುಗಳು ಒಂದರ ಮೇಲೊಂದು ಬೀಳದೆ ಸ್ಪಷ್ಟವಾಗಿ ಹರಡಿಕೊಂಡವು. ಎಣಿಸಿದರೆ 46. ಮರುವರ್ಷ ಇಬ್ಬರೂ ಸೇರಿ ಪ್ರಕಟಿಸಿದರು. ಅಲ್ಲಿಗೆ 23 ಜೋಡಿ, ಅದರಲ್ಲಿ 22 ಜೋಡಿ ಆಟೋಸೋಮು ಎಂಬ ಲೆಕ್ಕ ನಿಂತಿತು.

ಎಣಿಕೆ ಸರಿಯಾದ ಮೂರು ವರ್ಷಗಳಲ್ಲಿ ಆಟೋಸೋಮು ಮೊದಲ ಬಾರಿ ಮನೆಮಾತಾಯಿತು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ ಅದುವರೆಗೆ ಏನೆಲ್ಲ ಹೇಳಿರಲಿಲ್ಲ! ತಾಯಿಗೆ ಸಿಫಿಲಿಸ್, ತಾಯಿಗೆ ಕ್ಷಯ, ತಾಯಿಯ ನಡತೆ ಸರಿಯಿಲ್ಲ ಎಂದೆಲ್ಲ ದೊಡ್ಡ ವೈದ್ಯರೇ ಬರೆದರು. ಪ್ಯಾರಿಸ್ಸಿನಲ್ಲಿ ಮಾರ್ತ್ ಗೋತಿಯೇ ಎಂಬ ಮಕ್ಕಳ ವೈದ್ಯೆ, ಸರಿಯಾದ ಸಲಕರಣೆಗಳೂ ಇಲ್ಲದ ಕೋಣೆಯಲ್ಲಿ, ಕೋಶಗಳನ್ನು ಬೆಳೆಸಲು ತಮ್ಮದೇ ರಕ್ತದ ಸೀರಂ ಬಳಸಿ, ಈ ಮಕ್ಕಳ ಕೋಶಗಳಲ್ಲಿ 47 ವರ್ಣತಂತುಗಳಿವೆ ಎಂದು ಕಂಡರು. 1959ರಲ್ಲಿ ಅದು ಪ್ರಕಟವಾದಾಗ ಮೊದಲ ಹೆಸರು ಸಹೋದ್ಯೋಗಿ ಜೆರೋಮ್ ಲೆಜ್ಯೂನ್ ಅವರದು. ಆಕೆಯ ಹೆಸರು ಎರಡನೆಯದು, ಅದೂ ತಪ್ಪಾಗಿ ಅಚ್ಚಾಗಿತ್ತು. ಆಕೆಯ ಪಾಲನ್ನು ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೀತಿ ಸಮಿತಿ ಒಪ್ಪಿಕೊಂಡದ್ದು 2014ರಲ್ಲಿ. ಆಕೆ 2022ರಲ್ಲಿ ತೀರಿಕೊಂಡರು. ಒಂದು ಮಾತು ಇಲ್ಲೇ ಹೇಳಿಬಿಡಬೇಕು: ಡೌನ್ ಸಿಂಡ್ರೋಮ್ ಬಹುತೇಕ ಮನೆಗಳಲ್ಲಿ ವಂಶದಿಂದ ಇಳಿದು ಬರುವುದಲ್ಲ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಒಂದು ಜೋಡಿ ಬೇರ್ಪಡದೆ ಉಳಿಯುವುದರಿಂದ ಆಗುವಂಥದ್ದು. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಂಭವ ಹೆಚ್ಚು. ನಡತೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನೊಂದು ತಮಾಷೆ. 1960ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ವಿಜ್ಞಾನಿಗಳು ಸೇರಿ, ಆಟೋಸೋಮುಗಳಿಗೆ ಗಾತ್ರದ ಪ್ರಕಾರ 1ರಿಂದ 22ರವರೆಗೆ ಸಂಖ್ಯೆ ಕೊಟ್ಟರು. ದೊಡ್ಡದು 1, ಎಲ್ಲಕ್ಕಿಂತ ಸಣ್ಣದು 22. ಆಮೇಲೆ ಸರಿಯಾಗಿ ಅಳೆದಾಗ 21ನೆಯದೇ ಹೆಚ್ಚು ಸಣ್ಣದು ಎಂದು ತಿಳಿಯಿತು. ಅಷ್ಟರಲ್ಲಿ ಡೌನ್ ಸಿಂಡ್ರೋಮ್ ಎಂದರೆ 21 ಎಂದು ಜಗತ್ತಿಗೆಲ್ಲ ರೂಢಿಯಾಗಿತ್ತು. ಹಾಗಾಗಿ ತಪ್ಪನ್ನು ಹಾಗೇ ಬಿಟ್ಟರು.

ಒಂದು ನಿರ್ದಿಷ್ಟ ಜೀನು ಒಂದು ನಿರ್ದಿಷ್ಟ ಆಟೋಸೋಮಿನಲ್ಲಿದೆ ಎಂದು ಮೊದಲ ಬಾರಿ ಹೇಳಿದ್ದು ಸಂಶೋಧನಾ ವಿದ್ಯಾರ್ಥಿಯೊಬ್ಬ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಜರ್ ಡೊನಾಹ್ಯೂ ಸೂಕ್ಷ್ಮದರ್ಶಕದಲ್ಲಿ ತನ್ನದೇ ರಕ್ತದ ಕೋಶ ನೋಡುವಾಗ, ಒಂದನೆಯ ವರ್ಣತಂತುವಿನ ಜೋಡಿಯಲ್ಲಿ ಒಂದು ಮಾತ್ರ ಸ್ವಲ್ಪ ಸಡಿಲಾಗಿ ಉದ್ದವಾಗಿರುವುದನ್ನು ಕಂಡ. ಇದು ತನ್ನ ಮನೆಯಲ್ಲಿ ಇನ್ನಾರಿಗಿದೆ ಎಂದು ಬಂಧುಗಳ ರಕ್ತವನ್ನೆಲ್ಲ ಪರೀಕ್ಷಿಸಿದ. ಆ ಉದ್ದ ವರ್ಣತಂತು ಹೋದಲ್ಲೆಲ್ಲ ‘ಡಫಿ’ ಎಂಬ ರಕ್ತದ ಗುಂಪಿನ ಒಂದು ಬಗೆಯೂ ಜೊತೆಗೇ ಹೋಗುತ್ತಿತ್ತು. 1968ರಲ್ಲಿ ಪ್ರಕಟವಾದ ಈ ಶೋಧದಿಂದ ಡಫಿ ಜೀನು ಒಂದನೆಯ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. ಎಕ್ಸ್ ವರ್ಣತಂತುವಿಗೆ 1911. ಮೊದಲ ಆಟೋಸೋಮಿಗೆ 1968. ನಡುವೆ 57 ವರ್ಷ!

ಈಗ ರಕ್ತನಿಧಿಯ ಆ ಮಗುವಿನ ಕಾಯಿಲೆಗೆ ಬರೋಣ. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ, ಉಬ್ಬಿದ ಹೊಟ್ಟೆ, ಬಿಳಿಚಿದ ಮೈ, ಅಗಲವಾದ ಮುಖದ ಎಲುಬು ಇರುವ ಕೆಲವು ಮಕ್ಕಳನ್ನು ವರ್ಣಿಸಿದರು. ಇಟಲಿ, ಗ್ರೀಸ್ ಕಡೆಯಿಂದ ವಲಸೆ ಬಂದ ಮನೆಗಳ ಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡದ್ದರಿಂದ, ಗ್ರೀಕ್ ಭಾಷೆಯಲ್ಲಿ ಸಮುದ್ರ ಎಂಬ ಅರ್ಥದ ‘ಥಲಸ್ಸ’ದಿಂದ ಥಲಸ್ಸೀಮಿಯಾ ಎಂಬ ಹೆಸರು ಬಂತು. ಈ ಮಕ್ಕಳ ತಂದೆ ತಾಯಿಯ ರಕ್ತವನ್ನೂ ನೋಡಬೇಕು ಎಂದು ಹೊಳೆದದ್ದು ಇನ್ನೂ ಹದಿನೈದು ವರ್ಷಗಳ ನಂತರ. ಇಟಲಿಯ ಸಿಲ್ವೆಸ್ಟ್ರೋನಿ ಮತ್ತು ಬಿಯಾಂಕೊ ದಂಪತಿ, ಅಮೆರಿಕದ ನೀಲ್ ಮತ್ತು ವ್ಯಾಲೆಂಟೈನ್ 1940ರ ದಶಕದಲ್ಲಿ ತೋರಿಸಿಕೊಟ್ಟದ್ದು ಇಷ್ಟು: ರೋಗಿಷ್ಠ ಮಗುವಿನ ತಂದೆಯ ರಕ್ತದ ಕಣಗಳೂ ಕೊಂಚ ಸಣ್ಣ, ತಾಯಿಯ ರಕ್ತದ ಕಣಗಳೂ ಕೊಂಚ ಸಣ್ಣ. ಇಬ್ಬರೂ ವಾಹಕರು. ಒಬ್ಬರದು ಹೆಚ್ಚೂ ಅಲ್ಲ, ಇನ್ನೊಬ್ಬರದು ಕಡಿಮೆಯೂ ಅಲ್ಲ. 1949ರಲ್ಲಿ ಕುಡುಗೋಲು ಕಣ ರಕ್ತಹೀನತೆಯ ವಿಷಯದಲ್ಲೂ ನೀಲ್ ಮತ್ತು ಆಫ್ರಿಕಾದಲ್ಲಿದ್ದ ಬೀಟ್ ಎಂಬ ವೈದ್ಯ ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದರು. 1970ರ ದಶಕದ ಕೊನೆಗೆ ವಿಳಾಸವೂ ಸಿಕ್ಕಿತು. ಹಿಮೋಗ್ಲೋಬಿನ್ನಿನ ಆಲ್ಫಾ ಭಾಗದ ಜೀನು 16ನೆಯ ವರ್ಣತಂತುವಿನಲ್ಲಿ, ಬೀಟಾ ಭಾಗದ್ದು 11ನೆಯದರಲ್ಲಿ.

ಇಷ್ಟು ಕೆಟ್ಟ ಜೀನು ಇಷ್ಟು ಜನರಲ್ಲಿ ಉಳಿದದ್ದೇಕೆ? ವಾಹಕರಿಗೆ ಮಲೇರಿಯಾ ಅಷ್ಟಾಗಿ ಪ್ರಾಣಾಂತಕವಾಗುವುದಿಲ್ಲವೇನೋ ಎಂದು 1949ರಲ್ಲಿ ಊಹಿಸಿದವರು ಜೆ.ಬಿ.ಎಸ್. ಹಾಲ್ಡೇನ್, ಅವರು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರರಾಗಿಯೇ 1964ರಲ್ಲಿ ಕಣ್ಣುಮುಚ್ಚಿದರು. ಅವರ ಊಹೆ ನಿಜವಾಯಿತು. ಮಲೇರಿಯಾ ಇದ್ದ ಮೆಡಿಟರೇನಿಯನ್ ತೀರ, ಅರೇಬಿಯಾ, ಭಾರತ, ಆಫ್ರಿಕಾಗಳಲ್ಲಿ ಈ ಜೀನುಗಳು ಹೆಚ್ಚು. ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣವಿದೆ ಎಂದು ಲೆಹ್ಮನ್ ಮತ್ತು ಕಟ್ಬುಶ್ 1952ರಲ್ಲಿ ವರದಿ ಮಾಡಿದರು. ಭಾರತದಲ್ಲಿ ಸರಾಸರಿ ನೂರರಲ್ಲಿ ಮೂರು ನಾಲ್ಕು ಮಂದಿ ಬೀಟಾ ಥಲಸ್ಸೀಮಿಯಾದ ವಾಹಕರು. ಇವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ, ಗೊತ್ತಾಗುವಂಥ ಯಾವ ಲಕ್ಷಣವೂ ಇರುವುದಿಲ್ಲ.

ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದರಷ್ಟು ಸಂಭವ ಮಗುವಿಗೆ ಕಾಯಿಲೆ ಬರಲು, ನಾಲ್ಕರಲ್ಲಿ ಎರಡರಷ್ಟು ಮಗು ವಾಹಕವಾಗಲು, ಒಂದರಷ್ಟು ಪೂರ್ತಿ ಮುಕ್ತವಾಗಲು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಸಾಮಾನ್ಯ. “ನಾಲ್ಕರಲ್ಲಿ ಒಂದು ತಾನೇ, ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ” ಎನ್ನುವವರನ್ನು ಕಂಡಿದ್ದೇನೆ. ಹಾಗಲ್ಲ. ಪ್ರತಿ ಬಸುರಿಗೂ ಚೀಟಿ ಹೊಸದಾಗಿ ಎತ್ತಿದ ಹಾಗೆ. ಮೊದಲನೆಯ ಚೀಟಿ ಎರಡನೆಯದನ್ನು ಬದಲಿಸುವುದಿಲ್ಲ.

ಸೋದರ ಸಂಬಂಧದ ಮದುವೆಗೂ ಇದಕ್ಕೂ ನಂಟೇನು? ಅಜ್ಜ ಅಜ್ಜಿಯರಲ್ಲಿ ಒಬ್ಬರು ವಾಹಕರಾಗಿದ್ದರೆ, ಅದೇ ಪ್ರತಿ ಅವರ ಮಗ ಮಗಳ ಮೂಲಕ ಎರಡು ಕವಲಾಗಿ ಇಳಿದು, ಮೊಮ್ಮಕ್ಕಳು ಪರಸ್ಪರ ಮದುವೆಯಾದಾಗ ಮತ್ತೆ ಒಂದೆಡೆ ಸೇರಬಹುದು. ಹುಡುಗ ವಾಹಕನಾಗಿದ್ದರೆ ಹೊರಗಿನ ಹುಡುಗಿಯೊಬ್ಬಳು ಕೂಡ ವಾಹಕಳಾಗಿರುವ ಸಂಭವ ಸುಮಾರು ಮೂವತ್ತರಲ್ಲಿ ಒಂದು. ಅವನ ಅತ್ತೆಯ ಅಥವಾ ಚಿಕ್ಕಪ್ಪನ ಮಗಳಾದರೆ ಎಂಟರಲ್ಲಿ ಒಂದು. ಅಕ್ಕನ ಮಗಳಾದರೆ ನಾಲ್ಕರಲ್ಲಿ ಒಂದು. ಗ್ಯಾರಡ್ ಅವರಿಗೆ ಕಂಡದ್ದು ಇದೇ ಲೆಕ್ಕ.

ಈ ವಿಷಯ ಬಂದಾಗ ಕೆಲವರು ಇದು ಮುಸ್ಲಿಮರ ಸಮಸ್ಯೆ ಎಂದು ಕೈತೊಳೆದುಕೊಳ್ಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಲಂಡನ್ನಿನ ಅಲನ್ ಬಿಟಲ್ಸ್ 1980ರ ದಶಕದಲ್ಲಿ ಕರ್ನಾಟಕದ 65 ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷೆ ಮಾಡಿದ್ದರು. ಅವರು ಕಂಡದ್ದು, ಸರಿಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ ಒಳಗೇ ಆದದ್ದು ಎಂದು. ಹಿಂದೂಗಳಲ್ಲಿ ಅದು ಹೆಚ್ಚು, ಅದರಲ್ಲೂ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ. ಮುಸ್ಲಿಮರಲ್ಲಿ ಆ ಸಂಬಂಧ ನಿಷಿದ್ಧವಾದ್ದರಿಂದ ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆ. ದಕ್ಷಿಣ ಭಾರತದ ಈ ರೂಢಿ ಜಾತಿ ಮತಗಳ ಗೆರೆ ಮೀರಿದ್ದು. ನಮ್ಮ ಸಮುದಾಯದಲ್ಲಿ ಇದಕ್ಕೆ ಅನುಮತಿ ಇದೆ ಎಂಬುದು ನಿಜ, ಆಜ್ಞೆ ಇದೆ ಎಂದು ತಿಳಿದವರಿದ್ದರೆ ಅದು ಸರಿಯಲ್ಲ. ಹಾಗೆಂದು ಇಂಥ ಮದುವೆಯಾದವರೆಲ್ಲ ಹೆದರಬೇಕಾಗಿಲ್ಲ. ಯಾವುದೇ ದಂಪತಿಗೆ ಹುಟ್ಟುವ ಮಗುವಿನಲ್ಲಿ ಗಂಭೀರ ಜನ್ಮದೋಷ ಇರುವ ಸಂಭವ ಶೇಕಡಾ ಎರಡು ಮೂರು. ಒಡಹುಟ್ಟಿದವರ ಮಕ್ಕಳ ನಡುವಿನ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಮತ್ತೆ, ಹೊರಗೆ ಮದುವೆಯಾದೆವು ಎಂದ ಮಾತ್ರಕ್ಕೆ ಥಲಸ್ಸೀಮಿಯಾದಿಂದ ಪಾರಾದೆವು ಎಂದೂ ಅಲ್ಲ. ಪರೀಕ್ಷೆ ಇಬ್ಬರಿಗೂ ಬೇಕು.

ಪರೀಕ್ಷೆಯನ್ನು ಸಮಾಜವೇ ಕೈಗೆತ್ತಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸೈಪ್ರಸ್ ಸಾಕ್ಷಿ. ಅಲ್ಲಿ ಏಳರಲ್ಲಿ ಒಬ್ಬರು ವಾಹಕರು. ಹೀಗೇ ಬಿಟ್ಟರೆ ದೇಶದ ರಕ್ತವೆಲ್ಲ ಈ ಮಕ್ಕಳಿಗೇ ಬೇಕಾದೀತು ಎಂಬ ಆತಂಕ 1970ರ ದಶಕದಲ್ಲಿ ಹುಟ್ಟಿತು. 1983ರಿಂದ ಅಲ್ಲಿನ ಚರ್ಚ್, ಮದುವೆಗೆ ಮೊದಲು ಪರೀಕ್ಷೆಯ ಪ್ರಮಾಣಪತ್ರ ಕೇಳತೊಡಗಿತು. ಚರ್ಚ್ ಮದುವೆಯನ್ನು ತಡೆಯಲಿಲ್ಲ; ತಿಳಿದು ಮದುವೆಯಾಗಿ ಎಂದಿತು. ಹೊಸದಾಗಿ ಹುಟ್ಟುವ ರೋಗಿಷ್ಠ ಮಕ್ಕಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಬೆರಳೆಣಿಕೆಗೆ ಇಳಿಯಿತು. ಸೌದಿ ಅರೇಬಿಯಾದಲ್ಲಿ 2004ರಿಂದ ಮದುವೆಗೆ ಮೊದಲು ಥಲಸ್ಸೀಮಿಯಾ ಮತ್ತು ಕುಡುಗೋಲು ಕಣದ ಪರೀಕ್ಷೆ ಕಡ್ಡಾಯ. ಫಲಿತಾಂಶ ತಿಳಿದ ಮೇಲೆ ಮುಂದಿನ ನಿರ್ಧಾರ ಹುಡುಗ ಹುಡುಗಿಗೆ ಬಿಟ್ಟದ್ದು. ಭಾರತದಲ್ಲಿ ಕುಡುಗೋಲು ಕಣ ರೋಗದ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈಯಲ್ಲಿ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇರಾನಿನ ಕ್ರಮ. 1997ರಲ್ಲಿ ಅಲ್ಲಿ ದೇಶವ್ಯಾಪಿಯಾಗಿ ಮದುವೆ ಪೂರ್ವ ಪರೀಕ್ಷೆ ಆರಂಭವಾದಾಗ, ಮೊದಲು ರಕ್ತ ಕೊಡಬೇಕಾದವನು ವರ ಎಂದು ನಿಗದಿ ಮಾಡಿದರು. ಅವನ ರಕ್ತಕಣ ಸಣ್ಣದೆಂದು ಕಂಡರೆ ಮಾತ್ರ ವಧುವಿನ ಪರೀಕ್ಷೆ. ಅವನದು ಸರಿಯಿದ್ದರೆ ವಧುವನ್ನು ಸೂಜಿ ಚುಚ್ಚಬೇಕಾದ್ದೇ ಇಲ್ಲ, ಏಕೆಂದರೆ ಒಬ್ಬರು ವಾಹಕರಲ್ಲದಿದ್ದರೆ ಮಗುವಿಗೆ ಆ ಕಾಯಿಲೆ ಬರಲು ಸಾಧ್ಯವಿಲ್ಲ. ಹೆಣ್ಣಿನ ಮೇಲೆ ‘ದೋಷ ಇರುವವಳು’ ಎಂಬ ಹಣೆಪಟ್ಟಿ ಅನಾವಶ್ಯಕವಾಗಿ ಬೀಳದಂತೆ ಈ ಕ್ರಮ ಕಾಪಾಡುತ್ತದೆ. ಆಟೋಸೋಮಿಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬ ತಿಳಿವಳಿಕೆ ಇದ್ದರೆ ಮಾತ್ರ ಇಂಥ ನಿಯಮ ಮಾಡಲು ಸಾಧ್ಯ.

ನಮ್ಮಲ್ಲಿ ಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕೆಂಪುಕಣದ ಗಾತ್ರ ತಿಳಿಯುತ್ತದೆ. ಅದು ಸಣ್ಣದಿದ್ದರೆ ಹಿಮೋಗ್ಲೋಬಿನ್ ಎ-2 ಎಷ್ಟಿದೆ ಎಂದು ನೋಡುತ್ತಾರೆ. ಶೇಕಡಾ ಮೂರೂವರೆಯಿಂದ ನಾಲ್ಕಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಬೀಟಾ ಥಲಸ್ಸೀಮಿಯಾದ ವಾಹಕರು ಎಂದರ್ಥ. ಕಬ್ಬಿಣದ ಕೊರತೆಯಿಂದಲೂ ಕಣ ಸಣ್ಣದಾಗುವುದುಂಟು, ಆದ್ದರಿಂದ ವರದಿಯನ್ನು ತಾವೇ ಓದಿ ಗಾಬರಿಯಾಗದೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ವಾಹಕತನ ಬದಲಾಗುವುದಿಲ್ಲ. ಸಂಬಂಧ ಕುದುರುವ ಮೊದಲೇ, ಕಾಲೇಜು ಓದುವಾಗಲೇ ಮಾಡಿಸಿಟ್ಟರೆ ಮಾತುಕತೆಯ ನಡುವೆ ಮುಜುಗರವೂ ಇಲ್ಲ.

ಆ ದಿನ ರಕ್ತನಿಧಿಯಲ್ಲಿ ನಾನು ಒಂದು ಹಳೆಯ ರಸೀದಿಯ ಹಿಂಬದಿಯಲ್ಲಿ ಎರಡು ಗೆರೆ ಎಳೆದು, ಒಂದರ ಮೇಲೆ ಮಗ, ಇನ್ನೊಂದರ ಮೇಲೆ ಸೊಸೆ ಎಂದು ಬರೆದು, ಎರಡರಿಂದಲೂ ಒಂದೊಂದು ಕಡ್ಡಿ ಮೊಮ್ಮಗಳಿಗೆ ಇಳಿಸಿ ಅಜ್ಜಿಗೆ ತೋರಿಸಿದೆ. ಅವರು ತುಂಬ ಹೊತ್ತು ಅದನ್ನು ನೋಡಿದರು. “ಹಾಗಾದರೆ ನನ್ನಿಂದಲೂ ಬಂದಿರಬಹುದಾ?” ಎಂದು ಕೇಳಿದರು. ಬಂದಿರಬಹುದು, ನಿಮ್ಮ ತಂದೆಯಿಂದಲೋ ತಾಯಿಯಿಂದಲೋ ನಿಮಗೂ ನಿಮ್ಮ ತಮ್ಮನಿಗೂ, ನಿಮ್ಮಿಂದ ನಿಮ್ಮ ಮಗನಿಗೂ ಅವರಿಂದ ಅವರ ಮಗಳಿಗೂ ಎಂದೆ. ಅವರು ಇನ್ನೇನೂ ಹೇಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮಗುವಿನ ಹೆಸರು ಕೂಗಿದರು. ಅಜ್ಜಿಯೇ ಮೊದಲು ಎದ್ದು, ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನಡೆದರು.